ಅಮಾವಾಸ್ಯೆಯ ದಿನ ಮಗ್ಗ ಬಡಿದವಳು

ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಈ ಒಂದು ಮಾತು ಹೊರಗೆ ಬೀಳಲು ಏಳು ವರ್ಷ ಹಿಡಿಯಿತು. ಆ ಏಳು ವರ್ಷ ನನ್ನನ್ನು ದಡ್ಡಿ ಅಂದರು, ಕೊಬ್ಬಿನವಳು ಅಂದರು, ಕೊನೆಗೆ ಗಾಳಿ ಮೆಟ್ಟಿದವಳು ಅಂದರು. ಕಿವುಡಿ ಅಂತ ಮಾತ್ರ ಒಬ್ಬರೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವವರ ಬೀದಿ. ತೊಂಬತ್ತರ ದಶಕದಲ್ಲಿ ಆ ಬೀದಿಯಲ್ಲಿ ಮಗ್ಗವಿಲ್ಲದ ಮನೆ ಹುಡುಕಬೇಕಾಗಿತ್ತು. ನಮ್ಮ ಪಡಸಾಲೆಯಲ್ಲೇ ಎರಡಿದ್ದವು, ಎರಡೂ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಮೆಟ್ಟು ತುಳಿಯುತ್ತ ನೇಯುವುದು. ಒಂದರಲ್ಲಿ ಅಪ್ಪ ಕೂರುತ್ತಿದ್ದ. ಸೀರೆಯ ಮೈಗೊಂದು ಬಣ್ಣ, ಅಂಚಿಗೊಂದು ಬಣ್ಣ ಬರಬೇಕಾದರೆ ಅಂಚಿನ ಲಾಳಿಯನ್ನು ದಾಟಿಸಲು ಇನ್ನೊಬ್ಬರು ಬೇಕು. ಅದಕ್ಕೆ ಅಪ್ಪನ ಎದುರಿಗೆ ನನ್ನ ಅಕ್ಕ ಕೂರುತ್ತಿದ್ದಳು. ಇನ್ನೊಂದು ಮಗ್ಗದಲ್ಲಿ ಅಡುಗೆ ಮುಗಿಸಿಕೊಂಡು ಅವ್ವ. ಮೂಲೆಯಲ್ಲಿ ರಾಟೆ ಹಿಡಿದು ನೂಲು ಸುತ್ತುತ್ತ ಅಜ್ಜಿ. ನಾವು ಮನೆಯಲ್ಲಿ ತೆಲುಗು, ಕನ್ನಡ ಎರಡನ್ನೂ ಕಲಸಿಕೊಂಡು ಮಾತಾಡುವವರು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಎರಡು ಮಗ್ಗ ಒಟ್ಟಿಗೆ ಬಡಿಯುವ ಮನೆಯಲ್ಲಿ ಮೆಲ್ಲಗೆ ಮಾತಾಡಿದವರು ಕೆಟ್ಟರು. ಎಲ್ಲರೂ ಕೂಗುವವರೇ. ಕೂಗುವ ಮೊದಲು ಎದುರಿನವರ ಮುಖ ತಮ್ಮ ಕಡೆ ತಿರುಗಿತೋ ಇಲ್ಲವೋ ನೋಡುತ್ತಾರೆ, ಬಾಯಿ ಅಗಲಿಸಿ ಹೇಳುತ್ತಾರೆ, ಜೊತೆಗೆ ಕೈ ಬೇರೆ ಆಡಿಸುತ್ತಾರೆ. ಹೆಬ್ಬೆರಳು ಬಾಯಿಗೆ ಹೋದರೆ ನೀರು, ಬೆರಳು ಸುತ್ತಿದರೆ ನೂಲು, ಅಂಗೈ ಕೆಳಗೆ ಮಾಡಿದರೆ ನಿಲ್ಲಿಸು. ನಮ್ಮ ಬೀದಿಯವರು ಸಂತೆಗೆ ಹೋದರೂ ಜಗಳಕ್ಕೆ ಬಂದವರಂತೆಯೇ ಮಾತಾಡುತ್ತಿದ್ದರು. ಇಂಥ ಮನೆಯಲ್ಲಿ ಒಂದು ಮಗುವಿಗೆ ಕಿವಿ ಹೋದರೆ ಯಾರಿಗೆ ಗೊತ್ತಾಗಬೇಕು?

ಹೋದದ್ದು ಒಂದೇ ದಿನದಲ್ಲಲ್ಲ. ಆರನೇ ವಯಸ್ಸಿನಲ್ಲಿ ನೆಗಡಿ, ಜ್ವರ ಬಂದು ಎರಡೂ ಕಿವಿ ಸೋರಲು ಶುರುವಾಯಿತು. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಬಿಟ್ಟು ಹತ್ತಿ ತುರುಕುತ್ತಿದ್ದಳು. "ಮಕ್ಳ ಕಿವಿ ಸೋರೋದು ಹಲ್ಲು ಬೀಳೋ ಹಂಗೆ. ತಾನಾಗೇ ನಿಲ್ತೈತೆ" ಅನ್ನುತ್ತಿದ್ದಳು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಮತ್ತೆ ಎಣ್ಣೆ. ಶಾಲೆಯಲ್ಲಿ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರು. ನಾನು ಸೋರುವುದಕ್ಕೆ ನಾಚಿಕೊಂಡೆನೇ ಹೊರತು, ಕೇಳಿಸದೆ ಇರುವುದು ನನ್ನ ಗಮನಕ್ಕೇ ಬರಲಿಲ್ಲ. ಎಲ್ಲರಿಗೂ ಇಷ್ಟೇ ಕೇಳಿಸುತ್ತದೆ, ಉಳಿದದ್ದನ್ನು ಅವರು ಬುದ್ಧಿಯಿಂದ ಊಹಿಸಿಕೊಳ್ಳುತ್ತಾರೆ, ನನಗೆ ಆ ಬುದ್ಧಿ ಇಲ್ಲ ಅಂದುಕೊಂಡಿದ್ದೆ. ಆ ಪುಟ್ಟ ಹುಡುಗಿಯನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಶಾಲೆಯ ಮೇಷ್ಟ್ರು ನನ್ನ ಬಗ್ಗೆ ಒಂದೇ ಸಲ ತೀರ್ಮಾನ ಮಾಡಿ ಮುಗಿಸಿದ್ದರು. "ತೆಲುಗ್ರ ಹುಡ್ಗಿ. ಕನ್ನಡ ತಲೆಗೆ ಹತ್ತಲ್ಲ." ಅಲ್ಲ ಸ್ವಾಮಿ, ಬೋರ್ಡಿನ ಮೇಲಿದ್ದದ್ದನ್ನು ನಾನು ಒಂದು ಒತ್ತಕ್ಷರವೂ ತಪ್ಪದಂತೆ ಬರೆಯುತ್ತಿದ್ದೆ. ಪುಸ್ತಕದ ಪಾಠವನ್ನು ಅವರಿಗಿಂತ ಮೊದಲೇ ಓದಿ ಮುಗಿಸಿರುತ್ತಿದ್ದೆ. ಉಕ್ತಲೇಖನ ಅಂದ ಕೂಡಲೇ ಸೊನ್ನೆ. ಅವರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಬೆಂಚುಗಳ ನಡುವೆ ಅಡ್ಡಾಡುತ್ತ ಓದುತ್ತಿದ್ದರು. ಉದ್ದ ಇದ್ದೇನೆಂದು ನನ್ನನ್ನು ಕೂರಿಸಿದ್ದು ಕೊನೆಯ ಬೆಂಚಿನಲ್ಲಿ. ನೋಡಿ ಬರೆದರೆ ಎಲ್ಲ ಸರಿ, ಕೇಳಿ ಬರೆದರೆ ಎಲ್ಲ ತಪ್ಪು. ಇದು ಏಳು ವರ್ಷದಲ್ಲಿ ಒಬ್ಬರಿಗಾದರೂ ವಿಚಿತ್ರ ಅನ್ನಿಸಬೇಡವೆ? ಬೆತ್ತ ಹುಡುಕುವಷ್ಟು ಹೊತ್ತು ಯೋಚನೆ ಮಾಡಿದ್ದರೂ ಸಾಕಿತ್ತು.

ಶಾಲೆಯಲ್ಲಿ ನಾನು ದಿನಾ ದಡ್ಡಿ. ಮನೆಯಲ್ಲಿ ಮಾತ್ರ ತಿಂಗಳಿಗೊಂದು ದಿನ.

ಆ ದಿನ ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆ ಮಗ್ಗಕ್ಕೆ ರಜಾ. ಬೆಳಿಗ್ಗೆ ಎದ್ದು ಮಗ್ಗ ಒರೆಸಿ, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದರೆ ಮುಗಿಯಿತು, ಮಾರನೆಯ ದಿನದವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅವತ್ತು ಬೀದಿಗೆ ಬೀದಿಯೇ ತಣ್ಣಗೆ. ಕೂಗಿ ಕೂಗಿ ಸವೆದ ಗಂಟಲುಗಳಿಗೂ ಅವತ್ತು ವಿಶ್ರಾಂತಿ. ಗೋಡೆಗೆ ಒರಗಿ, ಸೊಪ್ಪು ಸೋಸುತ್ತ, ಎಲೆ ಅಡಿಕೆ ಮೆಲ್ಲುತ್ತ, ಯಾರ ಮುಖವನ್ನೂ ಯಾರೂ ನೋಡದೆ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಅವರ ಪಾಲಿಗೆ ಅದು ಸುಖದ ದಿನ. ನನಗೆ ನಿನ್ನೆಯವರೆಗೆ ಇದ್ದ ಮನೆಯನ್ನು ಯಾರೋ ಕಿತ್ತುಕೊಂಡು ಹೋದಂತೆ ಆಗುತ್ತಿತ್ತು. ಎಲ್ಲರ ತುಟಿಯೂ ಆಡುತ್ತಿದೆ, ನನಗೊಂದೂ ಸಿಗುತ್ತಿಲ್ಲ. ಬೇಕಂತಲೇ ನನಗೆ ಕೇಳದ ಹಾಗೆ ನನ್ನ ವಿಷಯವನ್ನೇ ಆಡಿಕೊಳ್ಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಕರೆದರೆ ಹೋಗುತ್ತಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಸುಮ್ಮಸುಮ್ಮನೆ ಅಳುತ್ತಿದ್ದೆ. ಒಂದು ಸಲ ತಂಬಿಗೆ ಎತ್ತಿ ಗೋಡೆಗೆ ಹೊಡೆದೆ. ಮತ್ತೆ, ಮಾತು ಹಿಡಿಯಲು ಎಲ್ಲರ ಬಾಯಿಯನ್ನೇ ನೋಡುತ್ತಿದ್ದೆ, ರೆಪ್ಪೆ ಬಡಿಯದೆ.

ಅಜ್ಜಿ ಲೆಕ್ಕ ಹಾಕಿದಳು. ಚತುರ್ದಶಿಯವರೆಗೆ ಹುಡುಗಿ ಸರಿ ಇರುತ್ತಾಳೆ, ಅಮಾವಾಸ್ಯೆಗೆ ಸರಿಯಾಗಿ ಕೆಡುತ್ತಾಳೆ. "ಅಮಾಸೆ ಬಂತಂದ್ರೆ ಈ ಹುಡ್ಗಿ ಕಣ್ಣೇ ಬೇರೆ ಆಗ್ತಾವೆ. ಬಾಯಿ ನುಂಗೋ ಹಂಗೆ ನೋಡ್ತಾಳೆ ನೋಡು" ಅಂದಳಂತೆ. ಅಲ್ಲಿಗೆ ನನಗೆ ಗಾಳಿ ಮೆಟ್ಟಿರುವುದು ಗಟ್ಟಿಯಾಯಿತು. ಅಜ್ಜಿಯನ್ನು ನಾನು ಅಷ್ಟು ಬೈಯುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಅವಳು ಸರಿಯಾಗಿಯೇ ಕಂಡಿದ್ದಳು, ಅಮಾವಾಸ್ಯೆಗೂ ನನಗೂ ಸಂಬಂಧ ಇತ್ತು. ನಡುವೆ ಮಗ್ಗ ಇರುವುದನ್ನು ಮಾತ್ರ ಬಿಟ್ಟಳು.

ನಿಂಬೆಹಣ್ಣು ಇಳಿ ತೆಗೆದರು, ಮೆಣಸಿನಕಾಯಿ ಸುಟ್ಟರು, ತೋಳಿಗೆ ಕಪ್ಪು ದಾರ ಕಟ್ಟಿದರು. ಕಿವಿಗೆ ಎಣ್ಣೆ ಅಂತೂ ನಡೆದೇ ಇತ್ತು. ನನಗೆ ಹದಿಮೂರು ತುಂಬಿ, ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಇನ್ನು ಐದಾರು ವಾರ ಇದೆ ಅನ್ನುವಾಗ ಮನೆಯಲ್ಲಿ ಒಂದು ತೀರ್ಮಾನವಾಯಿತು. ಗಡಿಯಾಚೆ ಆಂಧ್ರದಲ್ಲಿ ಒಂದು ಗುಡಿ ಇದೆ, ಅಲ್ಲಿ ಗಾಳಿ ಹಿಡಿದವರನ್ನು ನಲವತ್ತೊಂದು ದಿನ ಇರಿಸಿಕೊಂಡು ಬಿಡಿಸುತ್ತಾರೆ, ಅಜ್ಜಿ ಜೊತೆಗೆ ಹೋಗಿ ಇರುವುದು. ನನಗೆ ಇದನ್ನು ತಿಳಿಸಿದವಳು ಅಕ್ಕ, ಅದೂ ಮಗ್ಗದ ಮೇಲೆ ಕೂತು. ಎರಡೂ ಮಗ್ಗ ಧಡಧಡ ಬಡಿಯುತ್ತಿದ್ದಾಗ ಅಪ್ಪನ ಬೆನ್ನ ಹಿಂದೆ ನಿಂತಿದ್ದ ನನ್ನ ಮುಖ ನೋಡಿ, ಬಾಯಿ ಅಗಲಿಸಿ, ಕೈಯಲ್ಲಿ ಕಂಬ ತೋರಿಸಿ, ಕಟ್ಟುವುದನ್ನು ತೋರಿಸಿ, ನೀರು ಸುರಿಯುವುದನ್ನು ತೋರಿಸಿದಳು. ಆಮೇಲೆ ಕಣ್ಣು ಒರೆಸಿಕೊಂಡು ಲಾಳಿ ದಾಟಿಸಿದಳು.

ಬೆರಳು ಮಡಿಚಿ ಎಣಿಸಿದೆ. ನಲವತ್ತೊಂದು ದಿನದಲ್ಲಿ ಪರೀಕ್ಷೆ ಪೂರ್ತಿ ಮುಳುಗುತ್ತಿತ್ತು. ನಮ್ಮ ಬೀದಿಯಲ್ಲಿ ಏಳನೇ ಕ್ಲಾಸು ತಪ್ಪಿದ ಹುಡುಗಿಯನ್ನು ಮತ್ತೆ ಶಾಲೆಗೆ ಕಳಿಸಿದ್ದನ್ನು ನಾನು ನೋಡಿರಲಿಲ್ಲ. ಶಾಲೆಯಲ್ಲಿ ನನಗೆ ಸುಖ ಇತ್ತೆ? ಇರಲಿಲ್ಲ. ಆದರೆ ಪುಸ್ತಕ ಇತ್ತು. ಪುಸ್ತಕ ಒಂದೇ ನನ್ನ ಹತ್ತಿರ ಮೆಲ್ಲಗೆ ಮಾತಾಡದೆ ಇದ್ದದ್ದು. ಅದನ್ನು ಬಿಡುವುದಕ್ಕೆ ನನ್ನ ಜೀವ ಒಪ್ಪಲಿಲ್ಲ.

ಶಿವರಾತ್ರಿ ಮುಗಿದು ಮಾರನೆಯ ದಿನ ಅಮಾವಾಸ್ಯೆ. ಅದು ಕಳೆದ ಮೇಲೆ ಹೊರಡುವುದು ಅಂತಾಗಿತ್ತು. ಪಡಸಾಲೆಯಲ್ಲಿ ನನ್ನ ಬಟ್ಟೆಯ ಚೀಲ ಕಟ್ಟಿ ಇಟ್ಟಿದ್ದರು. ಮಧ್ಯಾಹ್ನದ ಊಟವಾಗಿ ಎಲ್ಲರೂ ಅಲ್ಲೇ ಕೂತಿದ್ದರು. ಚೀಲ ನೋಡಿ ನೋಡಿ ಮಾತಾಡುತ್ತಿದ್ದರು, ಮೆಲ್ಲಗೆ. ನನ್ನ ವಿಷಯ ಅನ್ನುವುದಕ್ಕೆ ಈ ಸಲ ಅನುಮಾನವೇ ಬೇಡ. ಅಪ್ಪನ ಬಾಯಿ ನೋಡಿದೆ, ಅವ್ವನ ಬಾಯಿ ನೋಡಿದೆ, ಅಜ್ಜಿಯ ಕಡೆ ತಿರುಗಿದೆ. ಅಜ್ಜಿ ನನ್ನ ಕಣ್ಣು ಬಿದ್ದ ಕೂಡಲೇ ಸೆರಗು ಎಳೆದು ಬಾಯಿ ಮುಚ್ಚಿಕೊಂಡಳು, ಮುಚ್ಚಿಕೊಂಡೇ ಮಾತು ಮುಂದುವರಿಸಿದಳು.

ನನ್ನ ತಲೆ ಕೆಟ್ಟುಹೋಯಿತು. ಯೋಚಿಸಿ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಎದ್ದವಳೇ ಅಪ್ಪನ ಮಗ್ಗದ ಗುಂಡಿಗೆ ಹಾರಿದೆ. ಕುಂಕುಮ ಹಚ್ಚಿ ಕೈಮುಗಿದ ಮಗ್ಗ, ಉದ್ದಕ್ಕೆ ಕಟ್ಟಿದ ಗಿಣಿಹಸಿರು ಎಳೆಗಳ ಹಾಸು ಬಿಗಿದು ನಿಂತಿತ್ತು. ಎರಡೂ ಕಾಲಲ್ಲಿ ಮೆಟ್ಟು ತುಳಿದೆ, ಎರಡೂ ಕೈಯಲ್ಲಿ ನೂಲು ಒತ್ತುವ ಹಲಗೆ ಹಿಡಿದು ಬಡಿದೆ. ಧಡ್! ಧಡ್! ಧಡ್! ಆ ಬೀದಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗದ ಸದ್ದು ಎದ್ದದ್ದು ಅದೇ ಮೊದಲು ಇರಬೇಕು.

ಮನೆಯೇ ಎದ್ದು ನಿಂತಿತು. "ಅಯ್ಯೋ ದೇವುಡಾ! ಅಮಾಸೆ ದಿನ ಮಗ್ಗ ಮುಟ್ಟಿದ್ಲಲ್ಲೋ!" ಅಂತ ಅಜ್ಜಿ ಎದೆ ಬಡಿದುಕೊಂಡಳು. "ಹಾಸು ಹರೀತೈತೆ, ಬಿಡೇ!" ಅಂತ ಅಪ್ಪ ಎರಡೂ ಕೈ ಆಡಿಸಿದ. "ಇಳೀತೀಯೋ ಕಾಲು ಮುರೀಲೋ!" ಅವ್ವ. "ಬ್ಯಾಡ ಕಣೇ, ಹೊಡೀತಾರೆ!" ಅಕ್ಕ. ಎಲ್ಲರೂ ನನ್ನ ಎದುರಿಗೆ ಬಂದು, ನನ್ನ ಮುಖಕ್ಕೇ ಮುಖ ಕೊಟ್ಟು, ಸದ್ದನ್ನು ಮೀರಿಸಿ ಕಿರುಚುತ್ತಿದ್ದರು. ಒಂದೊಂದು ಮಾತೂ ನನ್ನೊಳಗೆ ಇಳಿಯಿತು. ಆಗ ನನಗೆ ಗೊತ್ತಾಯಿತು. ಬಡಿಯುತ್ತಲೇ ಕೂಗಿದೆ.

"ಅಜ್ಜಿ, ನೀನು ಮಗ್ಗ ಮುಟ್ಟಿದ್ಲು ಅಂದೆ! ಅಪ್ಪ ಹಾಸು ಹರೀತೈತೆ ಅಂದ! ಅವ್ವ ಕಾಲು ಮುರೀತೀನಿ ಅಂದ್ಲು! ಎಲ್ಲ ಕೇಳ್ತೈತೆ ನಂಗೆ! ಇವತ್ತು ಅಮಾಸೆ ಅಲ್ವಾ? ಎಲ್ಲೋಯ್ತು ನಿಮ್ ಗಾಳಿ?"

ಕೈ ನಿಲ್ಲಿಸಿದೆ. ಸದ್ದು ನಿಂತಿತು. ಅವರ ಬಾಯಿಗಳೂ ಸಣ್ಣಗಾದವು. ಅಜ್ಜಿ ಏನೋ ಗೊಣಗಿದಳು, ಏನೆಂದು ತಿಳಿಯಲಿಲ್ಲ.

"ನೋಡ್ರಿ, ಈಗ ಹೋಯ್ತು" ಅಂದೆ. "ಈಗ ಏನೂ ಇಲ್ಲ."

ಅಪ್ಪ ನೇಕಾರ. ನೂಲು ಎಲ್ಲಿ ಸಿಕ್ಕಾಗಿದೆ ಅಂತ ಬೆರಳಲ್ಲೇ ಹುಡುಕುವ ಮನುಷ್ಯ. ನನ್ನ ಹಿಂದಕ್ಕೆ ಹೋದ. ನಾನು ಅಕ್ಕನನ್ನು ನೋಡುತ್ತ ಕೂತೆ. ಅಕ್ಕ ನನ್ನ ಹಿಂದೆ ನೋಡುತ್ತಿದ್ದಳು, ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿತು. ಅಪ್ಪ ಮೂರು ಸಲ ನನ್ನ ಹೆಸರು ಕರೆದನಂತೆ, ಒಂದಕ್ಕಿಂತ ಒಂದು ಗಟ್ಟಿಯಾಗಿ. ಮೂರನೆಯದು ಎಲ್ಲೋ ದೂರದಲ್ಲಿ ಯಾರೋ ಯಾರನ್ನೋ ಕರೆದ ಹಾಗಿತ್ತು. ಅಪ್ಪ ಗುಂಡಿಯ ಅಂಚಿಗೆ ಬಂದು ಕೂತ, ಕಾಲು ಇಳಿಬಿಟ್ಟುಕೊಂಡು. ನನ್ನ ತಲೆ ಮೇಲೆ ಕೈ ಇಟ್ಟು, ಮುಖ ಎದುರಿಗೆ ತಂದು, "ನಾಳೆ ಚಳ್ಳಕೆರೆಗೆ ಹೋಗಾಣ. ಡಾಕ್ಟ್ರ ಹತ್ರ" ಅಂದ. ಅಜ್ಜಿ ಮಗ್ಗಕ್ಕೆ ಗೋಮೂತ್ರ ಚಿಮುಕಿಸಿ ಎಷ್ಟೋ ಹೊತ್ತು ಅದಕ್ಕೇ ತಪ್ಪಾಯಿತು ಅಂತ ಕೈಮುಗಿದಳು. ಅವ್ವ ಎದ್ದು ಒಳಗೆ ಹೋದಳು. ಹಾಸಿನಲ್ಲಿ ಹರಿದಿದ್ದ ನಾಲ್ಕು ಎಳೆಯನ್ನು ಮಾರನೆಯ ದಿನ ಅಕ್ಕ ಗಂಟು ಹಾಕಿದಳು, ಸೀರೆಯಲ್ಲಿ ಅದು ಯಾರಿಗೂ ಕಾಣಲಿಲ್ಲ.

ಬಸ್ಸಿನಲ್ಲಿ ಅಪ್ಪ ದಾರಿಯುದ್ದಕ್ಕೂ ನನ್ನ ಹತ್ತಿರ ಕೂಗಿ ಮಾತಾಡಿದ. ಏಳು ವರ್ಷದ ಬಾಕಿಯನ್ನೆಲ್ಲ ಅವತ್ತೇ ಮುಗಿಸುವಂತಿತ್ತು. ಅಗೋ ಗುಡ್ಡ, ಅಗೋ ಕುರಿ, ಹಸಿವಾಯ್ತಾ, ಬಾಳೆಹಣ್ಣು ತಿಂತೀಯಾ. ಪಕ್ಕದಲ್ಲಿ ಕೂತಿದ್ದ ಕೊಂಡ್ಲಹಳ್ಳಿ ಕಡೆಯ ಹೆಂಗಸು ತಡೆಯಲಾರದೆ ಕೇಳಿದಳು, "ಯಾಕ್ರಿ ಯಜಮಾನ್ರೇ, ಮಗೀನ ಹಂಗೆ ಬೈತೀರಾ?" ಅಪ್ಪ ಅವಳಿಗೂ ಕೂಗಿಯೇ ಹೇಳಿದ, "ಬೈತಿಲ್ಲಮ್ಮ, ಮಾತಾಡ್ತಿದೀನಿ!" ಇಡೀ ಬಸ್ಸು ತಿರುಗಿ ನೋಡಿತು. ನನಗೆ ನಗು ಬಂತು. ತುಂಬ ದಿನದ ಮೇಲೆ ನಕ್ಕಿದ್ದೆ.

ಚಳ್ಳಕೆರೆಯ ಕಿವಿ ಡಾಕ್ಟರು ಒಬ್ಬ ಹೆಂಗಸು, ಗಟ್ಟಿ ಧ್ವನಿಯವರು. ಎರಡು ಕವಲಿನ ಒಂದು ಉಕ್ಕಿನ ಕಡ್ಡಿಯನ್ನು ತಟ್ಟಿ ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಜುಂಯ್ ಅಂತ ತಲೆ ತುಂಬ ಹಾಡಿತು. ಬೆಚ್ಚಿ ಅವರ ಕೈ ಹಿಡಿದುಕೊಂಡೆ. ಒಳಗಿನ ನರ ಚೆನ್ನಾಗಿದೆ, ಕಿವಿಯ ತಮಟೆ ಮಾತ್ರ ತೂತು ಬಿದ್ದಿದೆ, ಎರಡು ಕಡೆಯೂ, ಅಂದರು. ಸೋರುವ ಕಿವಿಯನ್ನು ಆಗಲೇ ತೋರಿಸಿದ್ದರೆ ಇಷ್ಟಾಗುತ್ತಿರಲಿಲ್ಲ ಅಂತಲೂ ಅಂದರು.

"ಯಾಕ್ರೀ ಏಳು ವರ್ಷ ಸುಮ್ನಿದ್ರಿ?"

"ಅಮಾಸೆಗೆ ಮಾತ್ರ ಹಿಂಗಾಗ್ತಿತ್ತು ಮೇಡಂ" ಅಂದ ಅಪ್ಪ.

ಡಾಕ್ಟರು ನಕ್ಕರು. ಅಪ್ಪ ಮಗ್ಗದ ವಿಷಯ ಹೇಳಿದ ಮೇಲೆ ನಗು ನಿಂತಿತು. ಗದ್ದಲದಲ್ಲಿ ಎಲ್ಲರೂ ಧ್ವನಿ ಎತ್ತುತ್ತಾರೆ, ಇಂಥ ಕಿವಿಗೆ ಆ ಗದ್ದಲ ಅಷ್ಟಾಗಿ ಅಡ್ಡ ಬರುವುದಿಲ್ಲ, ಎತ್ತಿದ ಧ್ವನಿ ಮಾತ್ರ ಸಿಗುತ್ತದೆ, ಅದಕ್ಕೇ ಇವಳಿಗೆ ಮಗ್ಗದ ಮನೆಯಲ್ಲಿ ಚೆನ್ನಾಗಿ ಕೇಳುತ್ತದೆ ಅಂತ ಬಿಡಿಸಿ ಹೇಳಿದರು. ಇದನ್ನೆಲ್ಲ ಅಪ್ಪ ಆಮೇಲೆ ನನಗೆ ಕೂಗಿ ತಿಳಿಸಿದ್ದು. ಅಪ್ಪನಿಗೆ ಹೇಳಿದ್ದು ಮುಗಿದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿ, ಒಂದು ಹಾಳೆ ಹರಿದು ದಪ್ಪಕ್ಷರದಲ್ಲಿ ಬರೆದು ನನ್ನ ಕೈಗೇ ಕೊಟ್ಟರು. ಕಿವಿಗೆ ಎಣ್ಣೆ ಬೇಡ. ನೀರು ಬೇಡ. ಮೊದಲನೇ ಬೆಂಚಿನಲ್ಲಿ ಕೂರು. ಮುಖ ನೋಡಿ ಮಾತಾಡಿ ಅಂತ ಎಲ್ಲರಿಗೂ ನೀನೇ ಹೇಳು. ನನ್ನ ಕಾಯಿಲೆಯನ್ನು ನನಗೇ ಹೇಳಿದವರು ಅವರೇ ಮೊದಲು. ಅಲ್ಲಿಯವರೆಗೆ ಎಲ್ಲರೂ ನನ್ನ ತಲೆ ಮೇಲಿಂದ ಮಾತಾಡಿಕೊಂಡಿದ್ದರು.

ಬಲಗಿವಿ ಇನ್ನೂ ಸೋರುತ್ತಿತ್ತು, ಅದಕ್ಕೆ ಔಷಧಿ. ಒಣಗಿದ್ದ ಎಡಗಿವಿಗೆ, ಎರಡು ವಾರ ಬಿಟ್ಟು, ಒಂದು ಮೆಷಿನ್ನು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ಜನ ಅಂದುಕೊಂಡಂತೆ ಅದನ್ನು ಹಾಕಿದ ಕೂಡಲೇ ಕೋಗಿಲೆ ಕೂಗಲಿಲ್ಲ. ಕಿವಿಯೊಳಗೆ ಯಾರೋ ಪಾತ್ರೆ ಉಜ್ಜಿದಂತಾಯಿತು. ಬಟ್ಟೆ ತಾಗಿದರೆ ಬರಬರ, ಬಾಗಿಲು ಹಾಕಿದರೆ ಬಂದೂಕು. ತಲೆನೋವು ಬಂದು ಅತ್ತೆ. ಆದರೆ ತೆಗೆಯಲಿಲ್ಲ. ಮೂರನೇ ದಿನ ಅಕ್ಕ ಪಡಸಾಲೆಯ ಆ ತುದಿಯಿಂದ ನನ್ನ ಮುಖ ನೋಡಿ, ಸಾಧಾರಣ ಧ್ವನಿಯಲ್ಲಿ "ಊಟಕ್ಕೆ ಬಾ" ಅಂದಳು, ನಾನು ಎದ್ದು ಹೋದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಶಾಲೆಯಲ್ಲಿ ನೇರವಾಗಿ ಹೋಗಿ ಮೊದಲನೇ ಬೆಂಚಿನಲ್ಲಿ ಕೂತೆ. ಮೇಷ್ಟ್ರು "ಹಿಂದೆ ಹೋಗೇ" ಅಂತ ಕೈ ಮಾಡಿದರು.

"ಹೋಗಲ್ಲ ಸಾರ್. ನಂಗೆ ಕಿವಿ ಕೇಳಲ್ಲ" ಅಂದೆ. ಮಗ್ಗದ ಮನೆಯ ಧ್ವನಿ, ಪಕ್ಕದ ಕೋಣೆಯವರಿಗೂ ಕೇಳಿಸಿರಬೇಕು. ಕ್ಲಾಸು ನಕ್ಕಿತು. ಡಾಕ್ಟರ ಹಾಳೆಯನ್ನು ಮೇಜಿನ ಮೇಲಿಟ್ಟೆ. ಮೇಷ್ಟ್ರು ಓದಿದರು, ನನ್ನನ್ನು ನೋಡಿದರು, ಮತ್ತೆ ಓದಿದರು. ಅವತ್ತು ಪುಸ್ತಕ ಕೆಳಗಿಳಿಸಿ, ಒಂದೇ ಕಡೆ ನಿಂತು ಉಕ್ತಲೇಖನ ಕೊಟ್ಟರು. ಹತ್ತಕ್ಕೆ ಒಂಬತ್ತು ಸರಿ ಬರೆದೆ. "ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ? ಮೊದ್ಲೇ ಹೇಳ್ಬಾರ್ದಾ?" ಅಂದರು. ನೋಡಿ ಹೇಗಿದೆ! ಏಟೂ ನಾನೇ ತಿನ್ನಬೇಕು, ರೋಗವನ್ನೂ ನಾನೇ ಕಂಡುಹಿಡಿದು ಹೇಳಬೇಕು.

ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಅವ್ವನಿಗೆ ಮಾತ್ರ ಆ ಡಬ್ಬಿ ಕಣ್ಣಿಗೆ ಮುಳ್ಳಾಗಿತ್ತು. ಹೊರಗೆ ಹೊರಟರೆ ಡಬ್ಬಿಯನ್ನು ಲಂಗದ ಜಾಕೀಟಿನೊಳಗೆ ತುರುಕುತ್ತಿದ್ದಳು, ಕಿವಿ ಮುಚ್ಚುವ ಹಾಗೆ ಕೂದಲು ಇಳಿಸಿ ಜಡೆ ಹಾಕುತ್ತಿದ್ದಳು. ಒಳಗೆ ಹೋದ ಡಬ್ಬಿಗೆ ಬಟ್ಟೆಯ ಬರಬರ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ನಾನು ಕಿತ್ತು ಹೊರಗೆ ಹಾಕುವುದು, ಅವಳು ಒಳಗೆ ತುರುಕುವುದು, ದಿನಾ ಇದೇ ಕುಸ್ತಿ. ಜಗಲಿಯ ಹೆಂಗಸರು ವೈರು ನೋಡಿ ಅದೇನು ಅಂತ ಕೇಳಿದ್ದಕ್ಕೆ "ರೇಡಿಯೋ. ಓದೋಕೆ ಬ್ಯಾಸ್ರ ಅಂತಿದ್ಲು, ಅವ್ರಪ್ಪ ಕೊಡ್ಸವ್ನೆ" ಅಂದಳು. ಅವರು ನಂಬಿದರು. ಒಬ್ಬಳು ಹಾಡು ಕೇಳಿಸು ಅಂತಲೂ ಕೇಳಿದಳು.

ಯುಗಾದಿಯ ದಿನ, ಪರೀಕ್ಷೆಗೆ ಇನ್ನು ನಾಲ್ಕು ದಿನ. ಹಬ್ಬಕ್ಕೆ ಮಗ್ಗ ನಿಂತಿತ್ತು. ಪಡಸಾಲೆಯಲ್ಲಿ ಓದುತ್ತ ಕೂತಿದ್ದೆ, ಮನೆಯೊಳಗೆ ನೋಡುವವರು ಯಾರು ಅಂತ ಡಬ್ಬಿಯನ್ನು ಹೊರಗೇ ಇಟ್ಟುಕೊಂಡಿದ್ದೆ. ಅಡುಗೆಮನೆಯಲ್ಲಿ ಅವ್ವ ನನಗೆ ಬೆನ್ನು ಮಾಡಿ ಹೋಳಿಗೆ ಬೇಯಿಸುತ್ತಿದ್ದಳು. ಅಪ್ಪ ಅಲ್ಲೇ ಗೋಡೆಗೆ ಒರಗಿ ಕೂತಿದ್ದ. ಅವ್ವ ಮೆಲ್ಲಗೆ, ತೀರ ಮೆಲ್ಲಗೆ ಹೇಳುತ್ತಿದ್ದಳು.

"ನಲವತ್ತೊಂದು ಬ್ಯಾಡ. ಹನ್ನೊಂದೇ ದಿನ. ನಾಳೆ ಹೊರಟ್ರೆ ಸಾಕು. ಗುಡೀಗೆ ಹೋಗಿ ಬಂದ್ಲು, ಗಾಳಿ ಬಿಡ್ತು ಅಂತಾರೆ ಜನ. ಬಿಟ್ಟು ಹೋಗೋ ಕಾಯ್ಲೆ ಅದು. ಕಿವುಡು ಎಲ್ಲಿ ಬಿಟ್ಟು ಹೋಗ್ತೈತೆ? ಗಾಳಿ ಬಿಟ್ಟ ಹುಡ್ಗೀನ ಯಾರಾದ್ರೂ ಮಾಡ್ಕೊಂತಾರೆ. ಕಿವುಡೀನ ಯಾರು ಮಾಡ್ಕೊಂತಾರೆ ಹೇಳು? ದೊಡ್ಡೋಳಿಗೂ ಗಂಡು ಬರೋದು ನಿಲ್ತೈತೆ, ವಂಶದಾಗೇ ಐತೆ ಅಂತಾರೆ."

"ನಮ್ಗೆ ಗೊತ್ತಿರಲಿಲ್ಲ, ಈಗ ಗೊತ್ತಾತು. ಗೊತ್ತಾದ ಮೇಲೂ ಗುಡೀಗೆ ಕಳಿಸೋದಾ?" ಅಂದ ಅಪ್ಪ.

"ನಿನಗೆ ಗೊತ್ತಿರಲಿಲ್ಲ" ಅಂದಳು ಅವ್ವ. ಹೋಳಿಗೆ ಮಗುಚಿದಳು. "ನಂಗೆ ಅವಳು ಒಂದನೇ ಕ್ಲಾಸಿನಾಗಿದ್ದಾಗ್ಲೇ ಗೊತ್ತಿತ್ತು. ಹಿಂದಿನಿಂದ ಕರೆದ್ರೆ ತಿರುಗ್ತಿರಲಿಲ್ಲ. ಅತ್ತೆ ಗಾಳಿ ಅಂದ್ರು. ಗಾಳಿ ಅಂದ್ರೆ ಗಾಳೀನೇ ಅನ್ನಲಿ ಅಂತ ಸುಮ್ನಿದ್ದೆ."

ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ತುಟಿ ಕಾಣದೆ, ಕೈ ಕಾಣದೆ, ಪೂರ್ತಿಯಾಗಿ ನಾನು ಕೇಳಿಸಿಕೊಂಡ ಮೊದಲ ಮಾತು ಇದು. ನನ್ನ ಹೆತ್ತ ಅವ್ವನದು.

ಎದ್ದು ಬಾಗಿಲಿಗೆ ಹೋದೆ. "ಅವ್ವಾ, ಕೇಳ್ತು" ಅಂದೆ.

ಅವಳ ಕೈ ಹೆಂಚಿನ ಮೇಲೇ ನಿಂತಿತು. ಅಪ್ಪ ತಲೆ ತಗ್ಗಿಸಿದ.

"ಗೊತ್ತಿದ್ದೂ ನನ್ನ ಕಂಬಕ್ಕೆ ಕಟ್ಟೋಕೆ ಕಳಿಸ್ತಿದ್ಯಾ?"

"ನಿನ್ ಸಲುವಾಗೇ ಕಣೇ. ನಿನ್ ಬಾಳು..."

"ನನ್ ಸಲುವಾಗಲ್ಲ! ಜಗಲಿ ಮ್ಯಾಲೆ ಕೂತೋರ ಬಾಯಿ ಸಲುವಾಗಿ! ಏಳು ವರ್ಷ ಅವ್ವಾ! ಏಳು ವರ್ಷ ನಾನು ದಡ್ಡಿ ಅಂತ ನಾನೇ ನಂಬಿದ್ದೆ. ನಿಂಗೆ ಗೊತ್ತಿತ್ತು!"

ಅವ್ವ ಅಳಲು ಶುರು ಮಾಡಿದಳು. ಅವಳು ಅತ್ತರೆ ಮುಂಚೆ ನಾನೂ ಅಳುತ್ತಿದ್ದೆ. ಅವತ್ತು ಅಳು ಬರಲಿಲ್ಲ, ಸಿಟ್ಟು ಬಂತು. ಅವಳಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರಾದರೂ ಅಂದರೆ ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಇತ್ತು. ಆ ಪ್ರೀತಿಯಿಂದಲೇ ನನ್ನ ಕಿವಿಯನ್ನು ಮುಚ್ಚಿಟ್ಟಳು. ಹೆದರಿಕೆ ಬಿದ್ದ ಪ್ರೀತಿ ಎಷ್ಟು ಕೆಡುಕು ಮಾಡಬಹುದು ಅಂತ ನಾನು ಹದಿಮೂರಕ್ಕೇ ಕಲಿತೆ. ಅವಳಿಗೆ ಮದುವೆಯ ಚಿಂತೆ ಇದ್ದದ್ದು ಸುಳ್ಳಲ್ಲ, ಕಿವುಡಿ ಅಂತ ಜನ ಹಿಂದೆ ಸರಿಯುವುದೂ ಸುಳ್ಳಲ್ಲ. ಸರಿಯಲಿ. ಸರಿಯುವವರ ಅನುಕೂಲಕ್ಕೆ ನನಗೆ ಯಾಕೆ ದೆವ್ವ ಹಿಡಿಯಬೇಕು?

ಪರೀಕ್ಷೆಯ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಗುಡಿಗೆ ಹೋಗಲಿಲ್ಲ. ಪರೀಕ್ಷೆ ಬರೆದೆ, ಪಾಸಾದೆ, ಆಮೇಲೆಯೂ ಓದಿದೆ. ಎಷ್ಟೋ ವರ್ಷದ ಮೇಲೆ ಒಂದು ಕಿವಿಗೆ ಆಪರೇಷನ್ನೂ ಆಯಿತು, ಸ್ವಲ್ಪ ಗುಣವಾಯಿತು, ಇನ್ನೊಂದಕ್ಕೆ ಈಗಲೂ ಮೆಷಿನ್ನೇ. ಅಕ್ಕನಿಗೆ ಗಂಡೂ ಸಿಕ್ಕಿತು. ಅವ್ವ ಹೆದರಿದ ಯಾವುದೂ ಅವಳು ಹೆದರಿದಷ್ಟು ದೊಡ್ಡದಾಗಿರಲಿಲ್ಲ. ಆದರೆ ಅವತ್ತು ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

ಅವತ್ತು ನಾನು ಜಡೆ ಎತ್ತಿ ಹಿಂದಕ್ಕೆ ಹಾಕಿದೆ, ಡಬ್ಬಿಯನ್ನು ಎದೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿದೆ, ಬೀದಿಗೆ ಬಂದೆ. ಎದುರು ಜಗಲಿಯಲ್ಲಿ ಹಬ್ಬದ ಸೀರೆ ಉಟ್ಟು ಐದಾರು ಹೆಂಗಸರು ಬೇವುಬೆಲ್ಲ ತಿನ್ನುತ್ತ ಕೂತಿದ್ದರು.

"ಇದು ರೇಡಿಯೋ ಅಲ್ಲ" ಅಂದೆ. "ನಂಗೆ ಕಿವಿ ಕೇಳಲ್ಲ. ಆರು ವರ್ಷದೋಳಿದ್ದಾಗಿನಿಂದ ಕೇಳಲ್ಲ. ಗಾಳಿ ಇಲ್ಲ, ಗೀಳಿ ಇಲ್ಲ. ನಂಗೆ ಏನಾದ್ರೂ ಹೇಳೋದಿದ್ರೆ ನನ್ ಮುಖ ನೋಡಿ ಹೇಳ್ರಿ. ನನ್ ಬಗ್ಗೆ ಹೇಳೋದಿದ್ರೂ ಅಷ್ಟೇ."

ಒಬ್ಬಳ ಕೈಯ ಬೇವುಬೆಲ್ಲ ಬಾಯಿಯ ಹತ್ತಿರವೇ ನಿಂತಿತ್ತು.

ಆಗ ಹಿಂದೆ, ನಮ್ಮ ಮನೆಯ ಹೊಸ್ತಿಲಿನಿಂದ, ಅವ್ವ ನನ್ನ ಹೆಸರು ಹಿಡಿದು ಕರೆದಳು. ಕೂಗಲಿಲ್ಲ. ಮೆಲ್ಲಗೆ ಒಂದು ಸಲ ಕರೆದಳು, ಸ್ವಲ್ಪ ತಡೆದು ಇನ್ನೊಂದು ಸಲ ಕರೆದಳು. ಎರಡೂ ಸಲ ನನಗೆ ಸ್ಪಷ್ಟವಾಗಿ ಕೇಳಿಸಿತು.

ನಾನು ತಿರುಗಲಿಲ್ಲ.